ದೋಷ ಕಂಡುಬಂದಿಲ್ಲ

ಜಿಗಣಿಯ ವಾಲ್ವ್ ಕಾರ್ಖಾನೆಯಲ್ಲಿ ಹದಿನೇಳು ವರ್ಷ ದುಡಿದ ಮೇಲೆ ಮಹಾದೇವಿ ಕ್ವಾಲಿಟಿ ವಿಭಾಗದ ಮುಖ್ಯಸ್ಥೆಯಾದಳು. ಬಡ್ತಿಯ ಪತ್ರದ ಜೊತೆಗೆ ಎಚ್‌ಆರ್‌ನವರು ಇನ್ನೊಂದು ಕಾಗದವನ್ನೂ ಕೊಟ್ಟರು. ಈ ಹುದ್ದೆಯವರು ಇಷ್ಟವಿದ್ದರೆ ಲೀಸ್ ಮೇಲೆ ಕಾರು ತೆಗೆದುಕೊಳ್ಳಬಹುದು, ಕರಾರು ನಾಲ್ಕು ವರ್ಷ, ಕಂತು ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಕಾರು ಮಾತ್ರ ಲೀಸಿಂಗ್ ಕಂಪನಿಯ ಹೆಸರಿನಲ್ಲಿರುತ್ತದೆ.

ದೊಡ್ಡ ಕಾರಿನ ಆಸೆ ಅವಳಿಗೆ ಮೊದಲಿನಿಂದ ಇದ್ದದ್ದಲ್ಲ. ಗಂಡ ರುದ್ರೇಶ್, ಮಗಳು ಶಿವಾನಿ ಮತ್ತು ಅವಳು, ಮೂರು ಜನಕ್ಕೆ ಹಳೆಯ ಪುಟ್ಟ ಕಾರೇ ಸಾಕಾಗಿತ್ತು. ಆದರೆ ಆ ವರ್ಷ ಜನವರಿಯಲ್ಲಿ ಜಿಗಣಿ ರಸ್ತೆಯಲ್ಲಿ ಒಂದು ಜಲ್ಲಿ ಲಾರಿ ಅವಳ ಕಾರನ್ನು ಪಕ್ಕದಿಂದ ಉಜ್ಜಿಕೊಂಡು ಹೋಯಿತು. ಕಿಟಕಿಯಾಚೆ ಕಂಡದ್ದು ಲಾರಿಯ ಚಕ್ರ ಮಾತ್ರ, ಅವಳ ತಲೆಗಿಂತ ಎತ್ತರದ ಚಕ್ರ. ಆಮೇಲೆ ಎಷ್ಟೋ ದಿನ ಲಾರಿ ಹತ್ತಿರ ಬಂದರೆ ಸಾಕು, ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿಬಿಡುತ್ತಿದ್ದಳು. ಷೋರೂಮಿನಲ್ಲಿ ಆ ಬಿಳಿಯ ಎಸ್‌ಯುವಿ ಹತ್ತಿ ಕೂತಾಗ ಹೊರಗಿನ ರಸ್ತೆಯಲ್ಲಿ ನಿಂತಿದ್ದ ಲಾರಿ ಡ್ರೈವರನ ಮುಖ ಅವಳ ಕಣ್ಣಿನ ಮಟ್ಟಕ್ಕೆ ಕಂಡಿತು. ಅಷ್ಟಕ್ಕೇ ಅವಳು ಸಹಿ ಹಾಕಿದಳು.

ಸಿಂಗಸಂದ್ರದ ಅವರ ಬಾಡಿಗೆ ಮನೆ ಗೋಪಾಲಪ್ಪನ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಗೋಪಾಲಪ್ಪ ಅದೇ ಊರಿನವನು. ತಾನು ರಾಗಿ ಬೆಳೆದ ಜಾಗದಲ್ಲೇ ನಾಲ್ಕಂತಸ್ತು ಕಟ್ಟಿ, ಕೆಳಗಿನ ಮನೆಯಲ್ಲಿ ಹೆಂಡತಿ ಚಿಕ್ಕಮುನಿಯಮ್ಮನ ಜೊತೆ ಇದ್ದ. ಕಾರು ಬಂದ ದಿನ ಅದರ ಸುತ್ತ ಒಂದು ಸುತ್ತು ಬಂದು ಗೇಟಿನ ಕಡೆ ನೋಡಿದ.

"ಏನವ್ವ ಮಾದೇವಮ್ಮ, ಇಷ್ಟು ದೊಡ್ಡದ್ ತಂದ್ಬುಟ್ಟೆ. ಗೇಟಲ್ಲಿ ತೂರ್ಬೇಕಲ್ಲ."

"ನಾನು ಬೀದೀಲೇ ನಿಲ್ಲಿಸ್ಕೊಳ್ತೀನಿ ಬಿಡಿ ಯಜಮಾನ್ರೇ."

"ಬೀದೀಲ್ ಯಾಕೆ ನಿಲ್ಲುಸ್ತೀಯ. ಒಂಬತ್ತು ವರ್ಸದಿಂದ ಇದೀರಿ, ಒಂದ್ ಗೇಟ್ ಅಗಲ ಮಾಡ್ಸಕ್ಕಾಗಲ್ವಾ ನಂಗೆ."

ಮುಂದಿನ ವಾರವೇ ಕಂಬ ಒಡೆಸಿ, ತನ್ನದೇ ಖರ್ಚಿನಲ್ಲಿ ಗೇಟು ಅಗಲ ಮಾಡಿಸಿದ. ಚಿಕ್ಕಮುನಿಯಮ್ಮ ಕೆಂಪು ನೀರಿನ ಆರತಿ ಎತ್ತಿ, ಬಾನೆಟ್ಟಿಗೆ ಕುಂಕುಮ ಇಟ್ಟು, "ನಮ್ಮನೇ ಬಾಗ್ಲಿಗೆ ಆನೆ ಬಂದಂಗಾಯ್ತು" ಅಂದಳು.

ಹತ್ತು ವಾರ ಕಾರು ಹೂವಿನ ಹಾಗೆ ಓಡಿತು. ಹನ್ನೊಂದನೇ ವಾರ ಹೆಬ್ಬಗೋಡಿಯ ಹತ್ತಿರ, ಸಂಜೆಯ ದಟ್ಟಣೆಯ ನಡುವೆ, ಪರದೆಯ ಮೇಲೆ ಒಂದು ಕೆಂಪು ಗುರುತು ಮೂಡಿತು. ವಾಹನವನ್ನು ಸುರಕ್ಷಿತವಾಗಿ ನಿಲ್ಲಿಸಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಎಕ್ಸಲರೇಟರ್ ಒತ್ತಿದರೂ ವೇಗ ಇಪ್ಪತ್ತರ ಮೇಲೆ ಏರಲಿಲ್ಲ. ಆಮೇಲೆ ಅದೂ ಇಲ್ಲ. ಹಿಂದಿನ ಬಸ್ಸು ಹಾರನ್ ಮೇಲೆ ಹಾರನ್ ಹೊಡೆಯಿತು. ಎಂಜಿನ್ ಆರಿಸಿ, ಇಳಿದು, ಬಾಗಿಲು ಲಾಕ್ ಮಾಡಿ ಹತ್ತು ನಿಮಿಷ ನಿಂತಳು. ಮತ್ತೆ ಚಾಲೂ ಮಾಡಿದರೆ ಗುರುತು ಮಾಯ. ಕಾರು ಏನೂ ಆಗದಂತೆ ಮನೆಗೆ ಬಂತು.

ಸರ್ವಿಸ್ ಸೆಂಟರಿನಲ್ಲಿ ಅವಳ ಪಾಲಿಗೆ ಬಂದ ಅಡ್ವೈಸರ್ ಹಗರಿಬೊಮ್ಮನಹಳ್ಳಿಯ ಹುಡುಗ, ಈರೇಶ್. ಅವಳ ತವರು ಕೊಟ್ಟೂರು ಎಂದು ತಿಳಿದ ಕೂಡಲೇ ಅವನ ಮಾತು ಬದಲಾಯಿತು.

"ನಮ್ಮ ಕಡೇರ ಆದ್ರಲ್ಲ ಅಕ್ಕಾರ. ನೀವು ಕುಂದರ್ರಿ, ಕಾಫಿ ಕುಡೀರಿ. ನಾ ಖುದ್ದು ನೋಡ್ತೀನಿ."

ಊರ ಕಡೆಯ ಮಾತು ಕೇಳಿ ಅವಳಿಗೆ ಧೈರ್ಯ ಬಂತು. ಎರಡು ಗಂಟೆಯ ನಂತರ ಅವನು ಒಂದು ಹಾಳೆ ಹಿಡಿದು ಬಂದ. "ಕಂಪ್ಯೂಟರ್ ಹಚ್ಚಿ ನೋಡಿದ್ವಿ. ಏನೂ ತೋರ್ಸವಲ್ದು. ಸಾಫ್ಟ್‌ವೇರ್ ಅಪ್‌ಡೇಟ್ ಮಾಡೀವಿ." ಹಾಳೆಯ ಕೆಳಗೆ ಬರೆದಿತ್ತು: ದೋಷ ಕಂಡುಬಂದಿಲ್ಲ.

ಅಲ್ಲಿಂದ ಮುಂದೆ ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಅದೇ ಕತೆ. ಒಮ್ಮೆ ಬೊಮ್ಮಸಂದ್ರದ ಸಿಗ್ನಲಿನಲ್ಲಿ, ಒಮ್ಮೆ ಕಾರ್ಖಾನೆಯ ಗೇಟಿನಲ್ಲಿ, ಒಮ್ಮೆ ಫ್ಲೈಓವರಿನ ನೆತ್ತಿಯಲ್ಲಿ. ಪ್ರತಿ ಸಲವೂ ಹತ್ತು ನಿಮಿಷ ಬಿಟ್ಟರೆ ಸರಿ. ಸರ್ವಿಸ್ ಸೆಂಟರಿನವರು ಒಮ್ಮೆ ಡೀಸೆಲ್ ಸರಿಯಿಲ್ಲ ಅಂದರು, ಒಮ್ಮೆ ಬ್ಯಾಟರಿಯ ವೈರು ಬಿಗಿ ಮಾಡಿದೆವು ಅಂದರು. ಮ್ಯಾನೇಜರ್ ಒಬ್ಬ, "ಸಾರ್ ಓಡಿಸೋವಾಗಲೂ ಹಿಂಗಾಗುತ್ತಾ ಮೇಡಂ, ಇಲ್ಲಾ ನೀವು ಓಡಿಸೋವಾಗ ಮಾತ್ರಾನಾ?" ಎಂದು ಕೇಳಿದ. ಶಿವಾನಿ ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ಮಾಡಿದಳು. ಅದನ್ನು ತೋರಿಸಿದರೆ, "ಗುರುತು ಕಾಣ್ತೈತ್ರಿ ಅಕ್ಕಾರ, ಆದ್ರ ಕಂಪ್ಯೂಟರ್ನಾಗ ಇಲ್ಲದ್ದು ನಾವು ಬರಿಯಂಗಿಲ್ಲ" ಎಂದು ಈರೇಶ್ ಸಂಕಟದಿಂದ ಹೇಳಿದ. ಅವನ ಸಂಕಟ ನಿಜವಾದದ್ದೇ. ಅದರಿಂದ ಅವಳಿಗೆ ಏನೂ ಉಪಯೋಗವಿರಲಿಲ್ಲ.

ಕಾರು ಬದಲಿಸಿ ಕೊಡಿ ಎಂದು ಕಾರಿನ ಕಂಪನಿಗೆ ಬರೆದರೆ, ಮಾಲೀಕರ ಕಡೆಯಿಂದ ದೂರು ಬರಬೇಕು ಅಂದರು. ಲೀಸಿಂಗ್ ಕಂಪನಿಗೆ ಫೋನ್ ಮಾಡಿದರೆ ರಕ್ಷಿತಾ ಎಂಬ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು.

"ಮೇಡಂ, ಓನರ್ ನಾವು, ನೀವು ಯೂಸರ್. ಸರ್ವಿಸ್ ಸೆಂಟರಿಂದ ದೋಷ ಇದೆ ಅಂತ ರಿಪೋರ್ಟ್ ಬಂದ್ರೆ ನಾವು ದೂರು ಕೊಡ್ತೀವಿ."

"ಅವ್ರು ರಿಪೋರ್ಟ್ ಕೊಡಲ್ಲ ಅಂತಾನೇ ಅಲ್ವಾ ನಿಮಗೆ ಫೋನ್ ಮಾಡಿದ್ದು?"

"ನಂಗೆ ಅರ್ಥ ಆಗುತ್ತೆ ಮೇಡಂ."

ಎಚ್‌ಆರ್‌ನವರು ಕರಾರು ತೆಗೆದು ತೋರಿಸಿದರು. ಅವಧಿಗೆ ಮೊದಲೇ ಕಾರು ವಾಪಸು ಮಾಡಿದರೆ ಉಳಿದ ಕಂತುಗಳಲ್ಲಿ ಬಹುಪಾಲು ಒಟ್ಟಿಗೇ ಕಟ್ಟಬೇಕು. ಶಿವಾನಿ ಎಂಜಿನಿಯರಿಂಗ್ ಸೇರುವ ವರ್ಷ. ಮಹಾದೇವಿ ಕಾಗದವನ್ನು ಅವರಿಗೇ ಹಿಂದಕ್ಕೆ ಕೊಟ್ಟಳು.

ಅದೇ ದಿನಗಳಲ್ಲಿ ಅವಳಿಗೆ ದೊಡ್ಡಬಳ್ಳಾಪುರದ ಹನುಮಂತಯ್ಯ ನೆನಪಾದ. ಬಟ್ಟೆಗೆ ಬಣ್ಣ ಹಾಕುವ ಒಂದು ಘಟಕದಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಎರಡು ವರ್ಷದ ಹಿಂದೆ ಮೂರು ಸಲ ಫೋನ್ ಮಾಡಿ, ನಿಮ್ಮ ವಾಲ್ವು ಬೆಳಿಗ್ಗೆ ಹೊತ್ತು ಮಾತ್ರ ಸೋರುತ್ತೆ ಮೇಡಂ, ಬಿಸಿಯಾದ ಮೇಲೆ ನಿಂತುಹೋಗುತ್ತೆ ಅಂದಿದ್ದ. ವಾಲ್ವು ತರಿಸಿ ಪರೀಕ್ಷಿಸಿದಾಗ ಒಂದು ತೊಟ್ಟೂ ಸೋರಲಿಲ್ಲ. ದೋಷ ಕಂಡುಬಂದಿಲ್ಲ ಎಂದು ಬರೆದು ಸಹಿ ಹಾಕಿದವಳು ಅವಳೇ. ಹಳೆಯ ಮೇಲ್ ಹುಡುಕಿ ಅವನ ನಂಬರಿಗೆ ಫೋನ್ ಮಾಡಿದಳು. "ಅದೆಲ್ಲ ಆಗೋಯ್ತು ಮೇಡಂ, ಬೇರೆಯವ್ರದು ಹಾಕ್ಸಿದ್ವಿ," ಅಂದ ಹನುಮಂತಯ್ಯ. ಯಾಕೆ ಫೋನ್ ಮಾಡಿದಿರಿ ಎಂದು ಅವನು ಕೇಳಿದ್ದಕ್ಕೆ, ಸುಮ್ಮನೆ ಎಂದು ಹೇಳಿ ಫೋನ್ ಇಟ್ಟಳು.

ಒಂದು ಶುಕ್ರವಾರ ಕಾರು ಒಂದೇ ದಿನ ಎರಡು ಸಲ ನಿಂತಿತು. ಎರಡನೇ ಸಲ ಹಿಂದಿನ ಟೆಂಪೋ ಒಂದು ಗೇಣು ದೂರದಲ್ಲಿ ಬ್ರೇಕ್ ಹಿಡಿಯಿತು. ಶನಿವಾರ ಅವಳು ಹತ್ತಿರದ ಅಂಗಡಿಗಷ್ಟೇ ಹೋಗಿ ಬಂದಳು. ಗಂಡ, ಮಗಳು ಜಾಲಹಳ್ಳಿಯ ನಾದಿನಿಯ ಮನೆಗೆ ಮೆಟ್ರೋದಲ್ಲಿ ಹೋಗಿ ರಾತ್ರಿ ಅಲ್ಲೇ ಉಳಿದರು.

ಭಾನುವಾರ ಬೆಳಿಗ್ಗೆ ಆರೂವರೆಗೆ ಬಾಗಿಲು ದಬದಬ ಬಡಿದ ಸದ್ದಾಯಿತು. ಗೋಪಾಲಪ್ಪ ಬನಿಯನ್ನಿನಲ್ಲೇ ನಿಂತಿದ್ದ. ಕಂಕುಳಲ್ಲಿ ಒಂದು ಹಳೆಯ ಬೆಡ್‌ಶೀಟು.

"ನಮ್ಮೋಳು ಬಾಗ್ಲಿಗೆ ನೀರಾಕ್ತಾ ಜಾರ್ಬಿದ್ಬುಟ್ಳು ಕಣವ್ವ. ಏಳಕ್ಕಾಯ್ತಿಲ್ಲ, ಸೊಂಟ ಇಡ್ಕಂಡು ಒದ್ದಾಡ್ತಾವ್ಳೆ. ಕಾರ್ ತೆಗಿ, ಆಸ್ಪತ್ರೆಗ್ ಓಗಾನ."

ಅವಳು ಕೆಳಗೆ ಓಡಿದಳು. ಚಿಕ್ಕಮುನಿಯಮ್ಮ ಹೊಸ್ತಿಲ ಪಕ್ಕ ಒದ್ದೆ ಸೀರೆಯಲ್ಲಿ ಬಿದ್ದಿದ್ದಳು. ಒಂದು ಕಾಲು ಹೊರಕ್ಕೆ ತಿರುಗಿಕೊಂಡಿತ್ತು. ಮಹಾದೇವಿಯ ಕೈಯಲ್ಲಿ ಕಾರಿನ ಕೀ ಇತ್ತು. ಹೊಸೂರು ರಸ್ತೆ ದಾಟಿ, ಫ್ಲೈಓವರ್ ಕೆಳಗೆ ತಿರುಗಿ, ಆಸ್ಪತ್ರೆಗೆ ಐದು ಕಿಲೋಮೀಟರ್. ನಡುರಸ್ತೆಯಲ್ಲಿ ಕಾರು ನಿಂತರೆ, ಸೊಂಟ ಮುರಿದವಳನ್ನು ಅಲ್ಲಿಂದ ಇಳಿಸಿ ಇನ್ನೊಂದು ಗಾಡಿಗೆ ಹತ್ತಿಸಬೇಕಾಗುತ್ತದೆ.

"ಯಜಮಾನ್ರೇ, ಕಾರು ಸರಿಯಿಲ್ಲ. ದಾರೀಲಿ ನಿಂತ್ಬಿಡುತ್ತೆ. ಆಂಬುಲೆನ್ಸಿಗೆ ಫೋನ್ ಮಾಡ್ತೀನಿ, ಮಲಗಿಸ್ಕೊಂಡೇ ಕರ್ಕೊಂಡು ಹೋಗ್ತಾರೆ."

ಗೋಪಾಲಪ್ಪ ಅವಳ ಮುಖ ನೋಡಿದ. "ನೆನ್ನೆ ಸಂಜೆ ಅದ್ರಲ್ಲೇ ಬಂದ್ಯಲ್ಲವ್ವ."

"ಬಂದೆ. ಆದ್ರೆ ಶುಕ್ರವಾರ ಎರಡು ಸಲ ನಿಂತಿತ್ತು. ಯಾವಾಗ ನಿಲ್ಲುತ್ತೆ ಅಂತ ಹೇಳಕ್ಕಾಗಲ್ಲ."

"ಸೀಟ್ ಮ್ಯಾಲಾಸಕ್ಕೇ ಇದ್ ತಂದೆ," ಎಂದು ಅವನು ಬೆಡ್‌ಶೀಟು ತೋರಿಸಿದ. "ಒದ್ದೆಯಾಗ್ದಂಗೆ."

"ಅಯ್ಯೋ, ಸೀಟಿಗಲ್ಲ ಯಜಮಾನ್ರೇ, ನಾನು ಹೇಳ್ತಿರೋದು ಅದಲ್ಲ."

ಅವನು ಹೋಗಿ ಹೆಂಡತಿಯ ತಲೆಯ ಹತ್ತಿರ ಕೂತ. ಆಂಬುಲೆನ್ಸ್ ಇಪ್ಪತ್ತು ನಿಮಿಷದಲ್ಲಿ ಬರುತ್ತೆ ಅಂದರು. ಇಪ್ಪತ್ತೈದಾಯಿತು, ಮೂವತ್ತಾಯಿತು. ಚಿಕ್ಕಮುನಿಯಮ್ಮ ಹಲ್ಲು ಕಚ್ಚಿ ನರಳುತ್ತಿದ್ದಳು. ಎದುರಿಗೆ ಅಗಲವಾದ ಗೇಟಿನ ಒಳಗೆ ಬಿಳಿಯ ಕಾರು ತೊಳೆದು ನಿಲ್ಲಿಸಿದಂತೆ ಹೊಳೆಯುತ್ತಿತ್ತು. ಕೊನೆಗೆ ಗೋಪಾಲಪ್ಪ ತರಕಾರಿಯವನ ಗೂಡ್ಸ್ ಆಟೋ ಕರೆತಂದ. ಹಾಸಿಗೆ ಹಾಸಿ, ನಾಲ್ಕು ಜನ ಹಿಡಿದು ಅವಳನ್ನು ಮಲಗಿಸಿದರು. ಎತ್ತುವಾಗ ಅವಳು ಕೂಗಿದ ಕೂಗು ಬೀದಿಗೆಲ್ಲ ಕೇಳಿಸಿತು. ಮಹಾದೇವಿ ತಾನೂ ಹತ್ತಲು ಹೋದಳು.

"ನೀ ಬ್ಯಾಡ ಕಣವ್ವ," ಅಂದ ಗೋಪಾಲಪ್ಪ. "ಮನೇಲಿರು." ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಹೆಂಡತಿಯ ಪಕ್ಕ ಕೂತ.

ಆಟೋ ತಿರುವಿನಲ್ಲಿ ಮರೆಯಾದ ಐದೇ ನಿಮಿಷಕ್ಕೆ ಆಂಬುಲೆನ್ಸ್ ಬಂತು. ಅವಳೇ ಅದನ್ನು ವಾಪಸು ಕಳಿಸಿದಳು.

ಸಂಜೆ ರುದ್ರೇಶನ ಜೊತೆ ಆಸ್ಪತ್ರೆಗೆ ಹೋದರೆ, ಆಪರೇಷನ್ ಕೋಣೆಯ ಹೊರಗೆ ಗೋಪಾಲಪ್ಪನ ಮಗ ದೇವರಾಜ್ ಕೂತಿದ್ದ. ಚಂದಾಪುರದಿಂದ ಬಂದವನು. "ಬನ್ನಿ" ಅಂದ, ಅಷ್ಟೇ. ಸೊಂಟದ ಮೂಳೆ ಮುರಿದಿತ್ತು. ರಾಡು ಹಾಕುತ್ತಾರೆ, ಜೀವಕ್ಕೆ ಭಯವಿಲ್ಲ ಎಂದು ನರ್ಸಿನಿಂದ ತಿಳಿಯಿತು.

ಸೋಮವಾರ ಕಾರ್ಖಾನೆಯಲ್ಲಿ ಆಡಿಟ್. ಎರಡು ಕ್ಯಾಬು ಒಪ್ಪಿಕೊಂಡು ಕ್ಯಾನ್ಸಲ್ ಮಾಡಿದವು, ಮೂರನೆಯದು ಬರಲೇ ಇಲ್ಲ. ಎಂಟು ಗಂಟೆಗೆ ಅವಳು ಕಾರು ಹತ್ತಿದಳು, ಬೇರೆ ದಾರಿಯಿರಲಿಲ್ಲ. ಗೇಟಿನ ಹತ್ತಿರ ಬರುವಾಗ ಹೊರಗಿನಿಂದ ಗೋಪಾಲಪ್ಪ ಬಂದ, ಆಸ್ಪತ್ರೆಗೆ ಬಟ್ಟೆ ಒಯ್ಯಲು. ಅವಳನ್ನು ನೋಡಿ ನಿಂತ. ಆಮೇಲೆ ತಾನೇ ಗೇಟಿನ ಎರಡೂ ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದ.

ಅವಳು ಗಾಜು ಇಳಿಸಿದಳು. "ಅಮ್ಮ ಹೇಗಿದಾರೆ?"

"ಅವ್ಳೆ ಕಣವ್ವ. ಓಗು, ಒತ್ತಾಯ್ತದೆ ನಿಂಗೆ."

ಅವತ್ತು ಕಾರು ನಿಲ್ಲಲಿಲ್ಲ. ಮರುದಿನವೂ ಇಲ್ಲ, ಆ ವಾರವೆಲ್ಲ ಇಲ್ಲ. ಪ್ರತಿ ಬೆಳಿಗ್ಗೆ ಗೇಟು ದಾಟುವಾಗ ಅವಳು ಮನಸ್ಸಿನಲ್ಲೇ ಬೇಡಿಕೊಂಡಳು: ಇಲ್ಲೇ ನಿಂತುಬಿಡು, ಈ ಗೇಟಿಗೆ ಅಡ್ಡ, ಎಲ್ಲರೂ ನೋಡಲಿ. ಅದು ಬೆಣ್ಣೆಯ ಹಾಗೆ ಹೊರಟುಹೋಗುತ್ತಿತ್ತು. ಕೊನೆಗೆ ಕಾರನ್ನು ಹತ್ತು ದಿನ ಸರ್ವಿಸ್ ಸೆಂಟರಿನಲ್ಲೇ ಬಿಟ್ಟಳು. ಈರೇಶ್ ಫೋನ್ ಮಾಡಿದ. "ಅಕ್ಕಾರ, ದಿನಾ ಓಡ್ಸೀವಿ, ಐನೂರು ಕಿಲೋಮೀಟರ್ ಆತು. ಒಂದ್ ಸಲಾನೂ ನಿಂತಿಲ್ರಿ. ಅಪ್‌ಡೇಟಿನಾಗ ಸರಿಯಾಗಿರ್ಬೇಕು. ಖುಷಿ ಪಡ್ರಿ." ವಾಪಸು ತಂದ ಮೂರನೇ ದಿನ ಬೊಮ್ಮಸಂದ್ರದಲ್ಲಿ ಅದು ಮತ್ತೆ ನಿಂತಿತು. ಸುತ್ತ ಅವಳ ಗುರುತಿನವರು ಒಬ್ಬರೂ ಇರಲಿಲ್ಲ.

ಚಿಕ್ಕಮುನಿಯಮ್ಮ ಮನೆಗೆ ಬಂದ ಮೇಲೆ ಮಹಾದೇವಿ ಹಣ್ಣು ತೆಗೆದುಕೊಂಡು ಹೋದಳು. ಮಂಚದ ಪಕ್ಕ ಕೂತು, ಕಾರಿನ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಮೊಬೈಲಿನ ವಿಡಿಯೋವನ್ನೂ ತೋರಿಸಿದಳು. ಚಿಕ್ಕಮುನಿಯಮ್ಮ ಕಣ್ಣು ಕಿರಿದು ಮಾಡಿ ಕೆಂಪು ಗುರುತನ್ನು ನೋಡಿದಳು.

"ಇರ್ಲಿ ಬುಡವ್ವ," ಎಂದು ಅವಳ ಕೈ ಸವರಿದಳು. "ಒಸಾ ಗಾಡಿ. ಯಾರಿಗಾದ್ರೂ ಮನಸ್ ಬರಲ್ಲ. ನಾನೇನ್ ಅನ್ಕಂಡಿಲ್ಲ."

ಮುದುಕಿಯ ಮುಖದಲ್ಲಿ ಒಂದಿಷ್ಟೂ ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಮಾಡದ ತಪ್ಪನ್ನು ಅಷ್ಟು ಅಕ್ಕರೆಯಿಂದ ಕ್ಷಮಿಸಿದವಳ ಜೊತೆ ಇನ್ನೇನು ವಾದ ಮಾಡುವುದು. ಮತ್ತೆ ಯಾವಾಗ ಡಾಕ್ಟರಿಗೆ ತೋರಿಸಬೇಕು ಎಂದು ಮಾತ್ರ ಮಹಾದೇವಿ ಕೇಳಿದಳು. ಬುಧವಾರ ಎಂದು ತಿಳಿದು, "ನಾನೇ ಕರ್ಕೊಂಡು ಹೋಗ್ತೀನಿ" ಅಂದಳು. ಗೋಪಾಲಪ್ಪ ಬೇಡ ಎಂದ. ಚಿಕ್ಕಮುನಿಯಮ್ಮ, "ಕರ್ಕಂಡೋಗ್ಲಿ ಬುಡು, ಉಡ್ಗಿ ಆಸೆಪಡ್ತದೆ" ಅಂದಳು.

ಬುಧವಾರ ಮಹಾದೇವಿ ರಜೆ ಹಾಕಿದಳು. ಬೆಳಿಗ್ಗೆ ಹತ್ತಕ್ಕೆ ಪ್ಲಾಸ್ಟಿಕ್ ಸ್ಟೂಲು ಇಟ್ಟು, ಇಬ್ಬರೂ ಹಿಡಿದು, ಚಿಕ್ಕಮುನಿಯಮ್ಮನನ್ನು ಮುಂದಿನ ಸೀಟಿಗೆ ಹತ್ತಿಸಿದರು. ಗೋಪಾಲಪ್ಪ ವಾಕರ್ ಹಿಡಿದು ಹಿಂದೆ ಕೂತ. ಮಹಾದೇವಿ ರಸ್ತೆಗಿಂತ ಹೆಚ್ಚಾಗಿ ಪರದೆಯನ್ನೇ ನೋಡುತ್ತಿದ್ದಳು. ನಿಂತರೆ ಈ ಅಮ್ಮನ ಗತಿಯೇನು ಎಂಬ ಭಯ, ನಿಲ್ಲದಿದ್ದರೆ ತನ್ನ ಮಾತಿನ ಗತಿಯೇನು ಎಂಬ ಚಿಂತೆ. ಯಾವುದನ್ನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ.

ಹೋಗುವಾಗ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಎರಡು ಗಂಟೆಯಾಯಿತು. ವಾಪಸು ಬರುವಾಗ ಹೊಸೂರು ರಸ್ತೆಯಲ್ಲಿ ಅರ್ಧ ಗಂಟೆ ವಾಹನಗಳ ನಡುವೆ ಸಿಕ್ಕಿಕೊಂಡರು. ಎ.ಸಿ.ಯ ತಂಪಿಗೆ ಚಿಕ್ಕಮುನಿಯಮ್ಮ ಹಾಗೆಯೇ ತೂಕಡಿಸಿದಳು. ಪರದೆಯ ಮೇಲೆ ಹೊರಗಿನ ಉಷ್ಣಾಂಶ, ಗಂಟೆ, ಒಂದು ಹಳೆಯ ಹಾಡಿನ ಹೆಸರು, ಇಷ್ಟೇ.

ಸಿಂಗಸಂದ್ರದ ತಿರುವು ಬಂದಾಗ ಹಿಂದಿನಿಂದ ಗೋಪಾಲಪ್ಪ ಮೆಲ್ಲಗೆ ಹೇಳಿದ.

"ಚೆನ್ನಾಗೇ ಓಡ್ತದಲ್ಲವ್ವ ಗಾಡಿ."

ಅವನ ದನಿಯಲ್ಲಿ ಚುಚ್ಚುಮಾತಿನ ಮೊನೆಯಿರಲಿಲ್ಲ. ಕಂಡದ್ದನ್ನು ಹೇಳಿದ್ದ. "ಹೂಂ ಯಜಮಾನ್ರೇ," ಎಂದು ಮಹಾದೇವಿ ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿದಳು. ಕರಾರು ಮುಗಿಯಲು ಇನ್ನೂ ಮೂರು ವರ್ಷ ಎರಡು ತಿಂಗಳಿತ್ತು.