ವಯ್ಯಾರಿಯ ಬಾಲ

ವಯ್ಯಾರಿ ಅಂದರೆ ಹೆಂಗಸಲ್ಲ, ಫಾಂಟು. ಬಲಕ್ಕೆ ಚೂರು ವಾಲಿಕೊಂಡು, ಗೆರೆಗಳ ತುದಿಗೆ ಸೆರಿಫ್ ಎಂಬ ಪುಟ್ಟ ಪಾದಗಳನ್ನಿಟ್ಟುಕೊಂಡು, ಈಗಷ್ಟೇ ತಲೆ ಬಾಚಿ ಹೊರಟವಳ ಹಾಗೆ ನಿಂತಿರುವ ಅಕ್ಷರ. ಮೊದಲು ಅದು ಸೆಂಟಿನ ಬಾಟಲಿಯ ಮೇಲೆ ಬಂತು. ಆಮೇಲೆ ಮದುವೆ ಕಾಗದ, ಕವನ ಸಂಕಲನ. ಆಮೇಲೆ ಕಂಪನಿಗಳು ‘ನಿಮ್ಮನ್ನು ಕೆಲಸದಿಂದ ತೆಗೆದಿದ್ದೇವೆ’ ಎಂಬ ಪತ್ರವನ್ನೂ ಅದರಲ್ಲೇ ಕಳಿಸತೊಡಗಿದವು. ಹೊರಗೆ ಹೋಗುವವರಿಗೂ ಏನೋ ಒಂದು ಮರ್ಯಾದೆ. ಮೂಲವ್ಯಾಧಿ ಡಾಕ್ಟರು ಅದರಲ್ಲಿ ಬೋರ್ಡು ಹಾಕಿಸಿದ ದಿನ ವಯ್ಯಾರಿ ನಿಜಕ್ಕೂ ಜನರ ಪಾಲಾದಳು.

ಇದನ್ನು ಮಾಡಿದಾತನನ್ನು ಪತ್ರಿಕೆಗಳು ‘ಅಕ್ಷರಶಿಲ್ಪಿ’ ಅಂದವು. ಹೆಂಡತಿ ‘ಏನ್ರೀ’ ಅನ್ನುತ್ತಿದ್ದಳು.

ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಅಂಗಡಿ. ಎಡಗೈಯಲ್ಲಿ ಟೇಪು ಗಿರಾಕಿಯ ಸೊಂಟ ಸುತ್ತಿರುತ್ತಿತ್ತು. ಬಲಗೈ ಮಿಷನ್ನಿನ ಅಂಚಿನಲ್ಲಿ ಓರೆಯಾಗಿ ಬಿದ್ದ ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿತ್ತು. ಇಪ್ಪತ್ತು ವರ್ಷದ ರೂಢಿ. ಪುಸ್ತಕ ಓರೆ, ಅದಕ್ಕೆ ಅಕ್ಷರವೂ ಓರೆ. ಪೆನ್ಸಿಲು ಮೊಂಡು, ಅದಕ್ಕೆ ಗೆರೆ ಮುಗಿಯುವಲ್ಲಿ ಒಂದು ಒತ್ತು. ಇನ್ನು ಕೋಟು ಹೊಲಿಸುವ ಟೀಚರಮ್ಮನಂಥ ಗಿರಾಕಿಗಳು “ಅರ್ಧ ಇಂಚು ಬಿಡಿ... ಬೇಡ, ಹಿಡೀರಿ... ಅಲ್ಲ, ಬಿಡಿ” ಅಂತ ಮನಸ್ಸು ಹೊರಳಿಸುವಷ್ಟು ಹೊತ್ತೂ ಅವಳ ಪೆನ್ಸಿಲು ಕಾಗದ ಬಿಟ್ಟು ಏಳುತ್ತಿರಲಿಲ್ಲವಾಗಿ, ಕೊನೆಯ ಅಕ್ಷರಕ್ಕೆ ಉದ್ದನೆಯ ಬಾಲ.

ಒಂದು ಬೆಳಿಗ್ಗೆ ಗಂಡ ವಾರಪತ್ರಿಕೆ ಹಿಡಿದು ರಾಗವಾಗಿ ಓದಿದ. ಯಾರೋ ವಿದ್ವಾಂಸರು ಬರೆದಿದ್ದರು: “ವಯ್ಯಾರಿಯ ಈ ಬಾಲ ಅನಂತದ ಕಡೆಗಿನ ಮೌನ ತುಡಿತ.”

ಅವಳು ಬಗ್ಗಿ ನೋಡಿದಳು. “ತುಡಿತ ಅಲ್ಲ ಕಣ್ರೀ, ಟೀಚರಮ್ಮನ ಕೋಟಿನ ತೋಳು. ನನ್ನ ಪುಸ್ತಕದ್ದೇ ಇದು.”

“ಸ್ಫೂರ್ತಿ ಅಂತ ಒಂದಿರುತ್ತೆ ಕಣೇ.”

“ಮೇಲೆ ತೆಳು ಕಾಗದ ಇಟ್ಟು ಗೆರೆ ಎಳ್ಕೊಳ್ಳೋದಕ್ಕೆ ಸ್ಫೂರ್ತಿ ಅಂತಾರಾ?”

ಗುಂಡಿಗಳನ್ನು ಬಣ್ಣವಾರು ಆರಿಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. “ಸ್ಕೂಲಲ್ಲಿ ಕಾಪಿ ಹೊಡೆಯೋದು ಅಂತಿದ್ರು. ಅವಾಗ್ಲೇ ಕೈ ಪಳಗಿತ್ತು ಇವನಿಗೆ.”

ಅಷ್ಟಕ್ಕೇ ಆಗಿದ್ದರೆ ಅವಳು ನಕ್ಕು ಸುಮ್ಮನಾಗುತ್ತಿದ್ದಳೇನೋ. ಆದರೆ ಅದೇ ವಾರ ಅಳತೆ ಚೀಟಿ ಕೈಗಿತ್ತಾಗ ಹಳೇ ಗಿರಾಕಿಯೊಬ್ಬಳು ಮುಖ ಸಿಂಡರಿಸಿ, “ಮೊದ್ಲು ಕೈಯಲ್ಲೇ ಬರೀತಿದ್ರಿ, ಎಷ್ಟು ಚೆನ್ನಾಗಿರ್ತಿತ್ತು. ಈಗ ನೀವೂ ಯಜಮಾನ್ರ ಫಾಂಟಲ್ಲಿ ಪ್ರಿಂಟ್ ಹೊಡೆಸ್ಬಿಟ್ರಾ?” ಅಂದಳು. ಪೆನ್ಸಿಲಿನ ಪುಡಿ ಇನ್ನೂ ಇವಳ ಬೆರಳಲ್ಲಿತ್ತು.

ಆ ಸಂಜೆ ಗಂಡನ ಮುಂದೆ ನಿಂತಳು. “ವಯ್ಯಾರಿಗೆ ಅಂತ ನಿಮ್ಗೆ ಪ್ರಶಸ್ತಿ ಕೊಡ್ತಾರಲ್ಲ, ಅವತ್ತು ನಾಲ್ಕು ಜನದ ಮುಂದೆ ಹೇಳ್ಬೇಕು. ನನ್ನಕ್ಷರ ನನಗೆ ವಾಪಸ್ ಬೇಕು.”

“ಹೇಳೋಣ, ಹೇಳೋಣ. ಸಮಯ ಸಂದರ್ಭ ನೋಡ್ಕೊಂಡು.”

ಸಂದರ್ಭ ಅಂಚೆಯಲ್ಲೇ ಬಂತು. ಪ್ರಶಸ್ತಿ ಸಮಿತಿಯ ಪತ್ರ, ಅದೂ ವಯ್ಯಾರಿಯಲ್ಲೇ: ಮಾನ್ಯರು ವೇದಿಕೆಯ ಕಪ್ಪುಹಲಗೆಯ ಮೇಲೆ ತಮ್ಮ ಅಮೃತಹಸ್ತದಿಂದ ಒಂದು ಸಾಲು ಬರೆಯತಕ್ಕದ್ದು. ಶಿಲ್ಪಿಯ ಮುಖ ಬಿಳಚಿಕೊಂಡಿತು. ಅವನ ಕೈಬರಹ ಹೇಗೆಂದರೆ, ಇರುವೆ ಮಸಿಯಲ್ಲಿ ಬಿದ್ದು ಎದ್ದು ಮನೆಗೆ ಓಡಿದ ಹಾಗೆ.

ನಾಲ್ಕು ದಿನ ಅಭ್ಯಾಸ ನಡೆಯಿತು. ಅವಳು ಅವನನ್ನು ಮಿಷನ್ನಿನ ಮುಂದೆ ಕೂರಿಸಿ, ಎಡಗೈಗೆ ಟೇಪು ಕೊಟ್ಟು, ಅತ್ತೆಯನ್ನೇ ಗಿರಾಕಿಯಾಗಿ ನಿಲ್ಲಿಸಿದಳು. ಇರುವೆ ಮಾತ್ರ ದಾರಿ ಬದಲಿಸಲಿಲ್ಲ. “ಬಿಡಮ್ಮ, ನನ್ನ ಸೊಂಟ ಸವೆದುಹೋಯ್ತು,” ಅಂದರು ಅತ್ತೆ.

ಸಭೆಯ ದಿನ ಅಧ್ಯಕ್ಷರು ಸೀಮೆಸುಣ್ಣ ಕೊಟ್ಟರು. ಅವನು ಮುಂದಿನ ಸಾಲಿನಲ್ಲಿ ಕೂತ ಹೆಂಡತಿಯನ್ನೊಮ್ಮೆ ನೋಡಿದ, ಒಂದೇ ಉಸಿರಿಗೆ ಬರೆದು ಪಕ್ಕಕ್ಕೆ ಸರಿದ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. “ಆಹಾ! ವಯ್ಯಾರಿಯನ್ನೂ ಮೀರಿದ ಸ್ವಾತಂತ್ರ್ಯ!” ಚಪ್ಪಾಳೆಯೋ ಚಪ್ಪಾಳೆ.

ಅತ್ತೆ ಸೊಸೆಯ ಕಿವಿಗೆ ಬಗ್ಗಿದರು. “ಏನೇ ಬರೆದಿದ್ದಾನೆ?”

ಇಪ್ಪತ್ತು ವರ್ಷ ಅವನ ಚೀಟಿ ಓದಿದವಳು ಅವಳೊಬ್ಬಳೇ. “‘ಈ ಅಕ್ಷರ ನನ್ನ ಹೆಂಡತಿಯದು’ ಅಂತ.”

“ಅಯ್ಯೋ ನನ್ನ ಮಗನೇ! ನಿಜ ಹೇಳಿದ್ದಾನೆ, ಯಾರಿಗೂ ತಿಳಿಯದ ಹಾಗೆ. ನೀನ್ಯಾಕೆ ಕೂತಿದ್ದೀಯ? ಏಳು!”

ಅವಳು ಎದ್ದಳು. ಮೆಟ್ಟಿಲು ಹತ್ತಿ, ಇರುವೆಯ ದಾರಿಯ ಕೆಳಗೆ ‘ಈ ಅಕ್ಷರ ನನ್ನದು’ ಅಂತ ಬರೆದಳು. ಓರೆ, ಒತ್ತು, ಬಾಲ, ಯಾವುದೂ ತಪ್ಪಲಿಲ್ಲ.

ಅಧ್ಯಕ್ಷರು ಕೈಮುಗಿದರು. “ಯಜಮಾನರ ಶೈಲಿಯನ್ನ ಎಷ್ಟು ಚೆನ್ನಾಗಿ ಅಭ್ಯಾಸ ಮಾಡಿದ್ದೀರಮ್ಮ!”

ಅವಳ ಕೈಯಲ್ಲಿ ಸೀಮೆಸುಣ್ಣ ಎರಡು ತುಂಡಾಯಿತು. ಗಂಡ ಅದನ್ನು ನೋಡಿದ. ನೋಡಿ, ಮೈಕಿನ ಹತ್ತಿರ ಬಂದ.

“ಅಭ್ಯಾಸ ಮಾಡಿದ್ದು ನಾನು ಸ್ವಾಮಿ. ನಾಲ್ಕು ದಿನ. ಬರಲಿಲ್ಲ. ವಯ್ಯಾರಿ ಇವಳ ಕೈಬರಹ. ನಾನು ಮೇಲೆ ತೆಳು ಕಾಗದ ಇಟ್ಟವನು, ಅಷ್ಟೇ.”

ಈ ಸಲ ಚಪ್ಪಾಳೆ ತಡವಾಗಿ, ಹಿಂದಿನ ಸಾಲುಗಳಿಂದ ಶುರುವಾಯಿತು. ಅಷ್ಟರಲ್ಲಿ ವಾರಪತ್ರಿಕೆಯ ಆ ವಿದ್ವಾಂಸರು ನೋಟ್‌ಬುಕ್ ಹಿಡಿದು ವೇದಿಕೆಯ ಬುಡಕ್ಕೇ ಓಡಿಬಂದಿದ್ದರು. “ತಾಯೀ, ಈ ಬಾಲದ ಒಳಾರ್ಥ...?”

“ಟೀಚರಮ್ಮನ ಕೋಟಿನ ತೋಳು ಸಾರ್. ಅರ್ಧ ಇಂಚು ಬಿಡ್ಬೇಕೋ ಹಿಡೀಬೇಕೋ ಅಂತ ಅವ್ರಿನ್ನೂ ಹೇಳಿಲ್ಲ.”

ವಿದ್ವಾಂಸರು ಕಣ್ಣು ಮುಚ್ಚಿ ತಲೆದೂಗಿ, ಅಷ್ಟನ್ನೂ ಬರೆದುಕೊಂಡರು.