ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟ ಫೋನು

ಬೀದಿಯವರು ಅವನನ್ನು ಕರೆಯುವುದೇ ಕೆಂಡ ಅಂತ. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಅರ್ಧಕ್ಕೆ ಶಾಲೆ ಬಿಟ್ಟು, ಅಪ್ಪ ಬಿಟ್ಟುಹೋದ ಬೀಗ ರಿಪೇರಿ ಅಂಗಡಿಯಲ್ಲಿ ಕೂತವನು. ತಂಗಿ ಏಳನೇ ಕ್ಲಾಸು. ಗಣಿತದಲ್ಲಿ ಅವಳ ಅಂಕ ಪಾತಾಳ ಕಂಡಾಗ ಅವನು ಕೂರಿಸಿಕೊಂಡು ಮಾತಾಡುವ ಗೋಜಿಗೆ ಹೋಗಲಿಲ್ಲ. ಅವಳ ಫೋನನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಿ, ಅಂಗಡಿಯ ಬೀಗಗಳಲ್ಲೇ ಗಟ್ಟಿಯಾದ ಹಿತ್ತಾಳೆ ಬೀಗ ಜಡಿದ. ದಿನಕ್ಕೆ ಅರ್ಧ ಗಂಟೆ, ಅದೂ ಅವನ ಕಣ್ಣೆದುರು. ಏನಾದರೂ ತಕರಾರು ಬಂತೋ, ಫೋನೇ ಬಂದ್ ಎಂದೂ ಸಾರಿದ.

ಬೀಗ ಹಾಕೋದು ಸುಲಭ ಕಣೋ ಎಂದಿದ್ದಳು ಅಮ್ಮ. ಈ ಮನೆಯ ಒಲೆ ಉರಿಯೋದೇ ಬೀಗದಿಂದ ಎಂದು ಅವನು ಬಾಯಿ ಮುಚ್ಚಿಸಿದ್ದ.

ಒಂದು ಭಾನುವಾರ ಮಧ್ಯಾಹ್ನ, ಗಿರಾಕಿಯೊಬ್ಬರ ಬಾಗಿಲು ತೆಗೆದುಕೊಟ್ಟು ಊಟಕ್ಕೆ ಬೇಗ ಮನೆಗೆ ಬಂದರೆ, ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಬೀಗದ ಮೇಲೆ ಒಂದು ಗೀರಿಲ್ಲ. ಪಕ್ಕದಲ್ಲಿ ತುದಿ ಬಗ್ಗಿಸಿದ ಹೇರ್‌ಪಿನ್. ಹಾಗೆ ಬಗ್ಗಿಸುವುದನ್ನು ಕಳೆದ ರಜೆಯಲ್ಲಿ, ಅಂಗಡಿಯಲ್ಲಿ ಬೇಜಾರೆಂದು ಗೊಣಗುತ್ತಿದ್ದವಳಿಗೆ ಅವನೇ ಹೇಳಿಕೊಟ್ಟಿದ್ದ. ಗಿರಾಕಿಗಳ ಮುಂದೆ ಬೆನ್ನೂ ತಟ್ಟಿದ್ದ. ಬೀಗ ಜಡಿಯುವ ಜಂಬದಲ್ಲಿ ಅದು ಮರೆತೇ ಹೋಗಿತ್ತು.

ತಂಗಿ ಬಾಗಿಲ ಹಿಂದೆ ಫೋನು ಹಿಡಿದು ಮುದುಡಿ ಕೂತಿದ್ದಳು. ಅವನು ಕೈ ಎತ್ತಿದ. ಅವಳು ಮುಖ ತಿರುಗಿಸಲಿಲ್ಲ.

"ಹೊಡಿ. ಆದ್ರೆ ಫೋನ್ ಕಿತ್ಕೋಬೇಡ ಅಣ್ಣ. ಸಂಜೆ ಒಳಗೆ ಉತ್ತರ ಕೊಡ್ಲಿಲ್ಲ ಅಂದ್ರೆ ಅವನು ಎಲ್ರಿಗೂ ಕಳಿಸ್ತಾನೆ."

ಬಿಕ್ಕುತ್ತಾ ಹೇಳಿದಳು. ಫೋನಿನ ಆಟವೊಂದರಲ್ಲಿ ಸಿಕ್ಕಿದ 'ಅಕ್ಕ' ಒಂದು ಫೋಟೊ ಕೇಳಿದಳಂತೆ. ಇವಳು ಕಳಿಸಿದಳು. ಆಮೇಲೆ ಕೇಳಿಸಿದ್ದು ಗಂಡಸಿನ ದನಿ. ಇನ್ನೂ ಫೋಟೊ ಬೇಕು, ಇಲ್ಲದಿದ್ದರೆ ಮೊದಲನೆಯದನ್ನೇ ಅಸಹ್ಯವಾಗಿ ತಿದ್ದಿ ಇಡೀ ಕ್ಲಾಸಿಗೆ ಹಂಚುತ್ತೇನೆ ಎಂದನಂತೆ.

"ನಂಗೆ ಹೇಳ್ಬಾರ್ದಿತ್ತಾ?"

"ತಕರಾರು ಬಂದ್ರೆ ಫೋನ್ ಬಂದ್ ಅಂದಿದ್ದು ನೀನೇ ಅಲ್ವಾ?"

ಎತ್ತಿದ ಕೈ ತಾನಾಗಿ ಇಳಿಯಿತು. ಅವನು ಜಡಿದ ಬೀಗ ಆ ಪಾಪಿಯನ್ನು ತಡೆದಿರಲಿಲ್ಲ, ಇವಳ ಬಾಯಿಗೆ ಬಿದ್ದಿತ್ತು.

ಕೆಂಡಕ್ಕೆ ಗಾಳಿ ಬೀಸಿದಂತಾಯಿತು. ಫೋನು ಕಸಿದುಕೊಂಡು, ಬಲ್ಲ ಬೈಗುಳವನ್ನೆಲ್ಲ ಬರೆಯಲು ಹೊರಟ. ಬೇಡ, ಎಲ್ಲ ಅಳಿಸಿಬಿಡೋಣ ಎಂದು ತಂಗಿ ಅಂಗಲಾಚಿದಳು. ಅಷ್ಟರಲ್ಲಿ ಎಲ್ಲ ಕೇಳಿಸಿಕೊಂಡು ಅಡುಗೆಮನೆಯಿಂದ ಬಂದ ಅಮ್ಮ ಅವನ ಮಣಿಕಟ್ಟು ಹಿಡಿದಳು.

"ಕಳ್ಳತನ ಆದ ಮನೆಗೆ ಹೋದಾಗ ಮೊದ್ಲು ಏನಂತೀಯ ನೀನು?"

ಅವನು ಬರೆಯುವುದನ್ನು ನಿಲ್ಲಿಸಿದ. ಒಡೆದ ಬೀಗ ಮುಟ್ಟಬೇಡಿ, ಪೊಲೀಸರು ಬಂದು ನೋಡಲಿ. ಎಷ್ಟು ಮನೆಗಳ ಹೊಸ್ತಿಲಲ್ಲಿ ನಿಂತು ಹೇಳಿದ ಮಾತದು.

"ಒಂದಕ್ಷರಾನೂ ಅಳಿಸ್ಬೇಡ," ಎನ್ನುತ್ತಾ ಫೋನನ್ನು ತಂಗಿಗೆ ಹಿಂದಿರುಗಿಸಿದ. "ಉತ್ತರಾನೂ ಬೇಡ. ಇರೋ ಹಾಗೇ ತೋರಿಸೋಣ."

ಮೂವರೂ ಠಾಣೆಯ ದಾರಿ ಹಿಡಿದರು. ಅಲ್ಲಿ ಬೈತಾರಾ ಎಂದು ತಂಗಿ ಕೇಳಿದಳು. ಬೈದರೆ ನನ್ನ ಬೈಲಿ ಎಂದ. ಬೀದಿ ತಿರುವಿನಲ್ಲಿ ಫೋನು ನಡುಗಿತು. ತೆರೆಯ ಮೇಲೆ ಅದೇ ಸುಳ್ಳು 'ಅಕ್ಕ'. ತಂಗಿ ಬೆಂಕಿ ಮುಟ್ಟಿದವಳಂತೆ ಅದನ್ನು ಅಣ್ಣನತ್ತ ಚಾಚಿದಳು. ಕಸಿದು ಕಲ್ಲಿಗೆ ಅಪ್ಪಳಿಸಲು ಅವನ ಬೆರಳು ತುರಿಸಿದವು.

"ನೀನೇ ಹಿಡ್ಕೋ," ಎಂದು ಅವಳ ಇನ್ನೊಂದು ಕೈ ಹಿಡಿದ. ಅದು ತಣ್ಣಗಿತ್ತು. ಸಂಜೆಯಾಗಲು ಇನ್ನು ಕೆಲವೇ ಗಂಟೆ ಉಳಿದಿತ್ತು.