ಹದಿನಾಲ್ಕು ಮನೆಯ ಗುಳಿಗೆ ಡಬ್ಬಿ

ನಾನು ಗುಳಿಗೆ ಡಬ್ಬಿ. ಹುಟ್ಟಿದ್ದು ಪ್ಲಾಸ್ಟಿಕ್ ಕಾರ್ಖಾನೆಯ ಬಿಸಿ ಅಚ್ಚಿನಲ್ಲಿ. ವಾರಕ್ಕೆ ಏಳು ದಿನ, ದಿನಕ್ಕೆರಡು ಹೊತ್ತು, ಒಟ್ಟು ಹದಿನಾಲ್ಕು ಮನೆ. ಇಷ್ಟು ನನಗೆ ಅರ್ಥವಾಗುತ್ತದೆ. ಮಿಕ್ಕಿದ್ದೆಲ್ಲ ಗೋಜಲು.

ನನ್ನನ್ನು ಕೊಂಡು ತಂದವರು ಗದುಗಿನ ನೀಲಗಂಗವ್ವ. ಟೇಲರ್ ತಮ್ಮ ಗುರುಸಿದ್ದಪ್ಪನಿಗೆ ತಮ್ಮದೇ ಒಂದು ಕಿಡ್ನಿ ಕೊಟ್ಟ ಅಕ್ಕ. ಹೊರಗಿನದೆಂದು ಅವನ ಮೈ ಅದನ್ನು ಹಾಳುಗೆಡವಬಾರದಲ್ಲ, ಅದಕ್ಕೇ ಈ ಗುಳಿಗೆ. ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ. ಹೊತ್ತಾಯಿತೆಂದರೆ ನೀಲಗಂಗವ್ವ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡಿ ಬರುವರು.

ನನ್ನ ಒಂದೊಂದು ಮನೆಗೆ ಮೂರು ಗುಳಿಗೆ. ಆಸ್ಪತ್ರೆಯ ಬೆಂಚಿನ ಮೇಲೆ ರೋಣದ ಖಾಜಾಸಾಬರ ಡಬ್ಬಿ ನೋಡಿದೆ. ಅಬ್ಬಬ್ಬಾ, ಅದರಲ್ಲಿ ಐದೈದು! ಅವರಿಗೂ ಅದೇ ಆಪರೇಷನ್, ಅದೇ ಗುಳಿಗೆ. ನನಗೆ ತಲೆಬುಡ ತಿಳಿಯಲಿಲ್ಲ. ಗುರುಸಿದ್ದಪ್ಪ ಕೇಳಿಯೇಬಿಟ್ಟ: "ನನಗ್ಯಾಕ್ರಿ ಡಾಕ್ಟರ, ಕಡಿಮಿ?"

"ಎಲ್ಲಾರಿಗೂ ಒಂದ ಅಳತಿ ಅಂಗಿ ಹೊಲಿತೀರೇನು?" ಡಾಕ್ಟರು ನಕ್ಕರು. "ನಿಮ್ಮ ರಕ್ತ ಎಷ್ಟು ಹೇಳ್ತದೋ ಅಷ್ಟು ನಿಮಗ."

ಊರಿಗೆ ಬಂದ ಮೇಲೆ ರಕ್ತಪರೀಕ್ಷೆ ಗದುಗಿನ ಲ್ಯಾಬಿನಲ್ಲೇ. ವರದಿ ಬಂತು: ಔಷಧಿ ಹೆಚ್ಚಾಗಿದೆ. ಹೆಚ್ಚಾದರೂ ಕಿಡ್ನಿಗೆ ಕೇಡಂತೆ, ಕಡಿಮೆಯಾದರೂ ಕೇಡಂತೆ. ಇದೆಂಥ ಪಜೀತಿ! ಮೂರು ಇದ್ದದ್ದು ಎರಡಾಯಿತು. ಮರುತಿಂಗಳು ಮತ್ತೆ ಹೆಚ್ಚು, ಎರಡು ಒಂದಾಯಿತು. ಅಷ್ಟರಲ್ಲಿ ಗುರುಸಿದ್ದಪ್ಪನ ಕಾಲು ಬಾತು, ಹೊಲಿಗೆ ಯಂತ್ರದ ಪೆಡಲ್ ತುಳಿಯಲಾರದಾದ. ಕಿಡ್ನಿ ಸೋಲುತ್ತಿತ್ತು. ಡಾಕ್ಟರಿಗೂ ದಿಕ್ಕು ತೋಚಲಿಲ್ಲ. ನನ್ನ ಹೊಟ್ಟೆ ಖಾಲಿಯಾಗಿ ನನಗೆ ಭಯವಾಯಿತು.

ಕೊನೆಗೆ ಡಾಕ್ಟರು ಕೇಳಿದರು: "ರಕ್ತಾ ಕೊಟ್ಟ ದಿನ ಗುಳಿಗಿ ಯಾವಾಗ ತಗೊಂಡ್ರಿ?"

ನೀಲಗಂಗವ್ವ ಹೆಮ್ಮೆಯಿಂದ ಹೇಳಿದರು: "ಸರಿಯಾಗಿ ಎಂಟಕ್ಕರಿ! ಲ್ಯಾಬಿನ್ಯಾಗ ನಮ್ಮ ಪಾಳಿ ಒಂಬತ್ತೂವರಿಗೆ ಬರ್ತಿತ್ತು. ಹೊತ್ತು ಮೀರಬಾರದಂತ ಅಲ್ಲೇ ನುಂಗಸ್ತಿದ್ದೆ."

"ಅಯ್ಯೋ ಅಕ್ಕಾರ! ಮೊದಲು ರಕ್ತ, ಆಮ್ಯಾಲ ಗುಳಿಗಿ. ಆಗಷ್ಟ ನುಂಗಿದ್ದು ರಕ್ತದಾಗ ಹೆಚ್ಚಾಗಿ ಕಾಣ್ತದ. ಅದನ್ನ ನಂಬಿ ನಾನು ಕಡಿಮಿ ಮಾಡಿದೆ. ಗುಳಿಗಿ ಸಾಲದ ನಿಮ್ಮ ತಮ್ಮನ ಮೈ ಕಿಡ್ನಿ ಕೆಡಸಾಕತ್ತದ."

ಗುರುಸಿದ್ದಪ್ಪನಿಗೆ ಹತ್ತು ದಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್. ಕಿಡ್ನಿ ಉಳಿಯಿತು, ಆದರೆ ಮೊದಲಿನಷ್ಟು ಗಟ್ಟಿಯಿಲ್ಲ.

ಈಗ ನಾನು ಮುದಿಯಾಗಿದ್ದೇನೆ. ವಾರದ ಹೆಸರುಗಳು ಅಳಿಸಿವೆ, ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್. ಅಷ್ಟು ಪ್ರೀತಿಯಿಂದ ಮಾಡಿದ್ದು ಹೇಗೆ ಕೇಡಾಯಿತೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಚೆನ್ನಾಗಿ ನೆನಪಿದೆ. ನೀಲಗಂಗವ್ವ ನನ್ನನ್ನು ತಮ್ಮನ ಮುಂದೆ ಸರಿಸಿದರು.

"ಇನ್ನ ನೀನ ತುಂಬ್ಕೊ, ತಮ್ಮಾ. ನನ್ನ ಕೈ ನಂಬಬ್ಯಾಡ."

ಗುರುಸಿದ್ದಪ್ಪ ನನ್ನನ್ನು ಎತ್ತಿ ಅಕ್ಕನ ಮಡಿಲಲ್ಲಿಟ್ಟ.

"ನಿನ್ನ ಕಿಡ್ನಿ ಹೊಟ್ಟ್ಯಾಗ ಇಟಗೊಂಡು ತಿರಗಾಕತ್ತೀನಿ. ನಿನ್ನ ಕೈ ನಂಬಬ್ಯಾಡಂದ್ರ ಹೆಂಗವ್ವಾ? ತುಂಬು."